ಅನುಪಾತ ಬರೀರಿ, ಆದ್ರ ಪೂರ್ತಿ ಬರೀರಿ: ನಮ್ಮ ಭಾಗದ ಲ್ಯಾಬ್‌ನವ್ರಿಗೆ, ಆರೋಗ್ಯ ಇಲಾಖೆಗೆ ಒಂದ್ ಬಹಿರಂಗ ಪತ್ರ

ಗದಗ, ಧಾರವಾಡ, ಹಾವೇರಿ ಮೂರೂ ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬ್ರಿಗೆ, ನಮ್ಮ ಭಾಗದಾಗ ರಕ್ತ ತಪಾಸಣಿ ಲ್ಯಾಬ್ ನಡಸೋ ಎಲ್ಲಾರಿಗೂ, ಮತ್ತ ಇಲ್ಲಿನ ಮೆಡಿಕಲ್ ಕಾಲೇಜಿನ ಡಾಕ್ಟ್ರುಗಳಿಗೆ ನಮಸ್ಕಾರ್ರಿ.

ನಾನು ಗದಗ ಜಿಲ್ಲೆದಾಗ ಒಂದ್ ಹಳ್ಳಿ ಹೈಸ್ಕೂಲಿನ ಗಣಿತ ಮಾಸ್ತರ. ಡಾಕ್ಟ್ರಲ್ಲ, ಲ್ಯಾಬ್ ಟೆಕ್ನಿಶಿಯನ್ನೂ ಅಲ್ಲ. ನಂಗ ಚಲೋತ್ನಾಗಿ ಗೊತ್ತಿರೂದು ಅಂದ್ರ ಅನುಪಾತ, ರೇಶಿಯೋ ಅಂತೀವಲ್ಲ ಅದು, ಇಪ್ಪತ್ತೆರಡು ವರ್ಷದಿಂದ ಕರಿಹಲಗಿ ಮ್ಯಾಲ ಬರ್ಕೋಂತ ಬಂದೇನಿ. ಈ ಪತ್ರ ಬರಿಯೂದಕ್ಕೂ ಅದೇ ಅನುಪಾತಾನ ಕಾರಣ ಆತು ನೋಡ್ರಿ, ರಕ್ತದ ರಿಪೋರ್ಟಿನ್ಯಾಗ ಒಂದ್ ತರದ ಕಣಾನ ಇನ್ನೊಂದ್ ತರದ ಕಣದಿಂದ ಭಾಗಿಸಿ ಬರಿಯೋ ಅನುಪಾತ.

ನಮ್ಮ ಅಕ್ಕ ಲಕ್ಷ್ಮೇಶ್ವರ ಕಡೆ ಹಳ್ಳ್ಯಾಗ ಇರ್ತಾಳ. ಆಕಿಗೆ ಲಿಂಫೋಮಾ, ಅಂದ್ರ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣದ ಕ್ಯಾನ್ಸರ್, ಅಂತ ಗೊತ್ತಾಗಿ ಹುಬ್ಬಳ್ಳ್ಯಾಗ ಕಿಮೋ ನಡದಿತ್ತು, ಮೂರ್ನೇ ಸೈಕಲ್ ಮುಗದು ಒಂದ್ ವಾರ ಆಗಿತ್ತು. ಅವತ್ತ ರಾತ್ರಿ ಒಂಬತ್ತೂವರಿಗೆ ಮಾವಂದು ಫೋನ್. "ಮಾಸ್ತರ, ರಿಪೋರ್ಟ್ ವಾಟ್ಸಾಪ್ ಹಾಕೇನಿ ನೋಡ್ರಿ, ಎನ್ಎಲ್ಆರ್ 18 ಅಂತ ಕೆಂಪಗ ಬಂದೈತಿ, ಮುಂದ ಹೈ ಅಂತ ಬರದಾರ, ಹುಡುಗಿ ಮೊಬೈಲ್‌ನ್ಯಾಗ ಹುಡುಕಿದ್ಲು, 5ರ ಮ್ಯಾಲ ಹೋದ್ರ ಉಳ್ಯೂದು ಕಷ್ಟ ಅಂತ ಬಂತಂತ, 18 ಅಂದ್ರ ಏನ್ ಕತಿ?" ಅಂದ್ರು. ಮಾವ ಜೀವನದಾಗ ಅಳೂದನ್ನ ನಾ ನೋಡಿದಾಂವಲ್ಲ, ಹೊಲ ಒಣಗಿದಾಗೂ ಅತ್ತಿಲ್ಲ. ಅವತ್ತ ದನಿ ನಡಗತಿತ್ತು. ಹಿಂದ ಹುಡುಗಿ ಅಳೂದೂ ಕೇಳಸ್ತಿತ್ತು. ಅಕ್ಕ ಮಾತ್ರ ಅರಾಮ ಮಲಗಿದ್ಲಂತ, ಆಕಿಗೆ ಯಾರೂ ಹೇಳಿದ್ದಿಲ್ಲ.

ರಿಪೋರ್ಟ್ ತೆಗದು ನೋಡಿದೆ. ಬಿಳಿ ರಕ್ತಕಣ 24,000. ಅದರಾಗ ನೂರಕ್ಕ ನ್ಯೂಟ್ರೋಫಿಲ್ 90, ಲಿಂಫೋಸೈಟ್ 5, ಮೋನೋಸೈಟ್ 4, ಇಯೋಸಿನೋಫಿಲ್ 1. ಅದರ ಕೆಳಗ ದಪ್ಪ ಕೆಂಪ ಅಕ್ಷರದಾಗ ಎನ್ಎಲ್ಆರ್ 18.0. ಎನ್ಎಲ್ಆರ್ ಅಂದ್ರ ನ್ಯೂಟ್ರೋಫಿಲ್ಲನ್ನ ಲಿಂಫೋಸೈಟಿನಿಂದ ಭಾಗಿಸಿದ್ದು, ತೊಂಬತ್ತನ್ನ ಐದರಿಂದ ಭಾಗಿಸಿದ್ರ ಹದಿನೆಂಟು, ಲೆಕ್ಕ ಬರಾಬರಿ ಐತಿ, ಅದರಾಗ ತಪ್ಪಿಲ್ಲ. ಆದ್ರ ಆ ಕಾಗದದಾಗ ಒಂದ್ ಮಾತು ಇದ್ದಿಲ್ಲ. ಅಕ್ಕಗ ಕಿಮೋ ಆದ ಮರುದಿನದಿಂದ ಬಿಳಿಕಣ ಏರಿಸೋ ಇಂಜೆಕ್ಷನ್ ಕೊಡಾಕತ್ತಿದ್ರು, ಫಿಲ್ಗ್ರಾಸ್ಟಿಮ್ ಅಂತಾರಲ್ಲ ಅದು. ನಾನ ಹುಬ್ಬಳ್ಳಿಯಿಂದ ಥರ್ಮಾಸಿನ್ಯಾಗ ಬರ್ಫ ಹಾಕ್ಕೊಂಡು ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ತಂದಿದ್ದೆ, ಯಾಕಂದ್ರ ಅದನ್ನ 2ರಿಂದ 8 ಡಿಗ್ರಿ ಒಳಗ ಇಡಬೇಕಂತ. ಆ ಇಂಜೆಕ್ಷನ್ನಿನ ಕೆಲಸಾನ ನ್ಯೂಟ್ರೋಫಿಲ್ ಏರಿಸೂದು! ಅದಕ್ಕಂತನ ರೊಕ್ಕ ಕೊಟ್ಟು ತಂದು ಚುಚ್ಚಿಸಿ, ಅದು ಏರಿದ ಮ್ಯಾಲ ಅದನ್ನ ಕೆಂಪಗ ಬರದು ಮನಿಮಂದೀನ್ನೆಲ್ಲಾ ಅಳಸೂದು ಅಂದ್ರ ಇದೇನ್ರಿ ಇದು.

ಇದು ಒಂದ್ ಲ್ಯಾಬಿನ ಕತಿ ಅಲ್ಲ, ಅದಕ್ಕ ಹೆಸರು ಬರ್ಯಾಂಗಿಲ್ಲ. ಆಮ್ಯಾಲೆ ನಾನು ಗುರ್ತಿನವ್ರ ಕಡೆಯಿಂದ ಗದಗ, ಹುಬ್ಬಳ್ಳಿ, ರಾಣೆಬೆನ್ನೂರಿನ ಹತ್ತಿಪ್ಪತ್ತು ರಿಪೋರ್ಟ್ ಇಸ್ಕೊಂಡು ನೋಡಿದೆ. ಎನ್ಎಲ್ಆರ್, ಎಲ್ಎಂಆರ್, ಪಿಎಲ್ಆರ್ ಅಂತ ಮೂರು ಸಾಲು ಈಗ ಭಾಳ ಕಡೆ ಬರಾಕತ್ತಾವ. ಕರೋನಾ ಟೈಮಿನ್ಯಾಗ ಎನ್ಎಲ್ಆರ್ ನೋಡೂದು ಚಾಲೂ ಆತು, ಆಮ್ಯಾಲೆ ಸಾಫ್ಟ್‌ವೇರ್‌ನ್ಯಾಗ ಅದು ಹಂಗ ಉಳದು ಹೋತು ಅಂತ ಒಬ್ರು ಟೆಕ್ನಿಶಿಯನ್ ಹೇಳಿದ್ರು. ನಾ ಹೇಳಬೇಕಂದದ್ದು ಇಷ್ಟ: ಈ ಅನುಪಾತ ಸುಳ್ಳಲ್ಲ, ಕೆಲಸಕ್ಕ ಬರೂವಂಥಾದ್ದ ಐತಿ, ಆದ್ರ ಯಾವತ್ತಿಂದು, ಯಾವ ಮಶೀನಿಂದು, ಮ್ಯಾಲಿನ ಸಂಖ್ಯೆ ಎಷ್ಟು ಕೆಳಗಿಂದು ಎಷ್ಟು ಅಂತ ಹೇಳ್ದ ಬರೇ ಭಾಗಾಕಾರದ ಉತ್ತರ ಕೆಂಪಗ ಬರದು ಮಂದಿ ಕೈಯಾಗ ಕೊಡಬ್ಯಾಡ್ರಿ.

ಓದೋ ಸಾಮಾನ್ಯ ಮಂದಿಗೂ ತಿಳೀಲಿ ಅಂತ ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಡಾಕ್ಟ್ರು ಇದ್ದವ್ರು ಬೇಕಾದ್ರ ಇಲ್ಲಿಂದ ಜಿಗದು ಮುಂದ ಹೋಗ್ರಿ.

ಸಿಬಿಸಿ ಅಂದ್ರ ರಕ್ತಕಣ ಎಣಿಸೋ ಸಾದಾ ತಪಾಸಣಿ, ಎಲ್ಲಾರಿಗೂ ಗೊತ್ತು, ಜ್ವರ ಬಂದ್ರೂ ಅದ, ಹೆರಿಗಿಗೂ ಅದ. ಅದರಾಗ ಬಿಳಿಕಣಗಳ ವಿಂಗಡಣಿ ಇರ್ತೈತಿ. ನ್ಯೂಟ್ರೋಫಿಲ್ ಅಂದ್ರ ಸೋಂಕು, ಉರಿಊತ ಬಂದ್ರ ಮದಲ ಓಡಿ ಬರೋ ಕಣ. ಲಿಂಫೋಸೈಟ್ ಅಂದ್ರ ವೈರಿನ್ನ ಗುರ್ತು ಹಿಡದು ನೆಪ್ಪಿಟ್ಕೊಂಡು ಕೆಲಸ ಮಾಡೋ ಕಣ. ಮೋನೋಸೈಟ್ ರಕ್ತದಾಗ ಸ್ವಲ್ಪ ಹೊತ್ತು ತಿರುಗಾಡಿ ಆಮ್ಯಾಲೆ ಮಾಂಸದೊಳಗ ಹೊಕ್ಕು ಮ್ಯಾಕ್ರೋಫೇಜ್ ಆಗ್ತೈತಿ. ನ್ಯೂಟ್ರೋಫಿಲ್ಲನ್ನ ಲಿಂಫೋಸೈಟಿನಿಂದ ಭಾಗಿಸಿದ್ರ ಎನ್ಎಲ್ಆರ್, ಲಿಂಫೋಸೈಟನ್ನ ಮೋನೋಸೈಟಿನಿಂದ ಭಾಗಿಸಿದ್ರ ಎಲ್ಎಂಆರ್, ಪ್ಲೇಟ್ಲೆಟ್ಟನ್ನ ಲಿಂಫೋಸೈಟಿನಿಂದ ಭಾಗಿಸಿದ್ರ ಪಿಎಲ್ಆರ್. ಏಳನೇತ್ತೆ ಹುಡುಗರು ಮಾಡೋ ಲೆಕ್ಕ.

ಎನ್ಎಲ್ಆರ್ ಕ್ಯಾನ್ಸರ್ ಸಂಬಂಧನ ಹುಟ್ಟಿದ್ದಲ್ಲ. ಸ್ಲೊವಾಕಿಯಾದ ರೋಮನ್ ಜಾಹೊರೆಟ್ಸ್ ಅನ್ನೋ ಡಾಕ್ಟ್ರು 2001ರಾಗ ಐಸಿಯುದಾಗಿನ ಪೇಷಂಟ್ ನೋಡಿ, ಮೈಮ್ಯಾಲ ಎಷ್ಟ ಒತ್ತಡ ಬಿದ್ದೈತಿ ಅನ್ನೂದಕ್ಕ ಇದೊಂದು ಅಗ್ಗದ ಅಳತಿ ಅಂತ ಹೇಳಿದ್ರು. ಅಂದ್ರ ನ್ಯುಮೋನಿಯಾ ಆದ್ರೂ ಏರತೈತಿ, ಆಪರೇಶನ್ ಆದ್ರೂ ಏರತೈತಿ, ಬಸರಿದ್ದಾಗೂ ಸ್ವಲ್ಪ ಏರತೈತಿ. ಆರೋಗ್ಯ ಇದ್ದವ್ರಿಗೆ ಸಾಮಾನ್ಯ 1ರಿಂದ 3ರೊಳಗ ಇರ್ತೈತಿ ಅಂತಾರ.

ಲಿಂಫೋಮಾದಾಗ ಇದಕ್ಕ ಬ್ಯಾರೇನ ಅರ್ಥ ಬರ್ತೈತಿ. ಯಾಕಂದ್ರ ರೋಗ ಇರೂದ ಲಿಂಫೋಸೈಟಿನ ಮನಿತನದಾಗ. ಕೆಟ್ಟ ಲಿಂಫೋಸೈಟ್ ಗಂಟಿನ್ಯಾಗ ಕುಂತಿರ್ತಾವ, ರಕ್ತದಾಗ ತಿರುಗೋ ಚಲೋ ಲಿಂಫೋಸೈಟ್ ಎಷ್ಟದಾವ ಅನ್ನೂದರ ಮ್ಯಾಲ ಮೈ ತಾನ ಎಷ್ಟ ಕಾದಾಡ್ತೈತಿ ಅನ್ನೂದರ ಸುಳಿವು ಸಿಗ್ತೈತಿ. ರಿಟಕ್ಸಿಮ್ಯಾಬ್ ಅನ್ನೋ ಔಷಧಿ, 1997ರಾಗ ಅಮೆರಿಕಾದಾಗ ಮಂಜೂರಾದದ್ದು, ಅದೂ ಬರೇ ತಾನ ಹೋಗಿ ಕ್ಯಾನ್ಸರ್ ಕಣ ಕೊಲ್ಲಂಗಿಲ್ಲ, ಗುರ್ತು ಹಚ್ಚಿ ಕೊಡ್ತೈತಿ, ಹೊಡ್ಯೂದು ಭಾಳಷ್ಟು ನಮ್ಮ ಮೈಯಾಗಿನ ಎನ್‌ಕೆ ಸೆಲ್, ಅವೂ ಒಂದ್ ಜಾತಿ ಲಿಂಫೋಸೈಟ. ಇನ್ನ ಮೋನೋಸೈಟು ಗಂಟಿನೊಳಗ ಹೋಗಿ ಮ್ಯಾಕ್ರೋಫೇಜ್ ಆದ ಮ್ಯಾಲ ಕಾವಲಿಗಂತ ಹೋದಾಂವ ಕಳ್ಳನ ಕೂಡ ಉಂಡು ಮಲಗಿದಂಗ ಆಗ್ತೈತಿ, ಗಡ್ಡಿ ಬೆಳ್ಯಾಕ ಅನುಕೂಲ ಮಾಡ್ಕೊಡ್ತೈತಿ, ಟಿ ಸೆಲ್ ಅನ್ನೋ ಕಾದಾಡೋ ಲಿಂಫೋಸೈಟನ್ನ ಹತ್ರ ಬರಗೊಡಂಗಿಲ್ಲ. ಹಾಡ್ಜ್‌ಕಿನ್ ಲಿಂಫೋಮಾದ ಗಂಟಿನ್ಯಾಗ ನಿಜವಾದ ಕ್ಯಾನ್ಸರ್ ಕಣ, ರೀಡ್ ಸ್ಟರ್ನ್‌ಬರ್ಗ್ ಅಂತಾರ, ಅವು ನೂರಕ್ಕ ಒಂದರ ಆಸುಪಾಸು ಅಷ್ಟ ಇರ್ತಾವ, ಉಳದದ್ದೆಲ್ಲಾ ಸುತ್ತ ನೆರದ ಸಂತಿ. ಆ ಸಂತ್ಯಾಗ ಮ್ಯಾಕ್ರೋಫೇಜ್ ಭಾಳ ಇದ್ದವ್ರಿಗೆ ರೋಗ ಬಗ್ಗೂದು ಕಷ್ಟ ಅಂತ 2010ರಾಗ ಒಂದ್ ದೊಡ್ಡ ಅಧ್ಯಯನ ಬಂತು. ಗಂಟಿನೊಳಗಿನ ಆ ಸಂತೀನ ರಕ್ತದಾಗ ಹಣಿಕಿ ಹಾಕಿ ನೋಡಾಕ ಬರ್ತೈತೇನು ಅಂತ ಹುಡುಕಿದ್ರಿಂದ ಎಲ್ಎಂಆರ್‌ಗೆ ಇಷ್ಟ ಕಿಮ್ಮತ್ತು ಬಂದದ್ದು.

ಅಮೆರಿಕಾದ ಮೇಯೊ ಕ್ಲಿನಿಕ್ ಅನ್ನೋ ದೊಡ್ಡ ಆಸ್ಪತ್ರಿಯ ಲೂಯಿಸ್ ಪೊರಾಟಾ ಅನ್ನೋರು ತಮ್ಮ ಜತಿಗಾರರ ಕೂಡ 476 ಮಂದಿ ಹಾಡ್ಜ್‌ಕಿನ್ ಪೇಷಂಟಿನ ಹಳೇ ರಕ್ತದ ರಿಪೋರ್ಟ್ ತೆಗದು ನೋಡಿ, ರೋಗ ಪತ್ತೆ ಆದಾಗ ಈ ಅನುಪಾತ 1.1ಕ್ಕಿಂತ ಕಮ್ಮಿ ಇದ್ದವ್ರಿಗೆ ಮುಂದ ಫಲಿತಾಂಶ ಚಲೋ ಇದ್ದಿಲ್ಲ ಅಂತ 2012ರಾಗ ಬರದ್ರು. ನಮ್ಮ ಅಕ್ಕಗ ಆಗಿದ್ದು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಅನ್ನೋ ಬ್ಯಾರೆ ಲಿಂಫೋಮಾ. ಅದಕ್ಕ ಚೀನಾದವ್ರೂ ಇಟಲಿಯವ್ರೂ 2.6 ಅನ್ನೋ ಗೆರಿ ಹಾಕ್ಯಾರ. ನೋಡ್ರಿ ಇಲ್ಲೇ, ಒಂದ್ ಅನುಪಾತ, ಎರಡ್ ರೋಗ, ಎರಡ್ ಗೆರಿ, 1.1 ಮತ್ತ 2.6. ನಮ್ಮ ಲ್ಯಾಬಿನವ್ರು ಯಾವ ಗೆರಿ ನೋಡಿ ಎಲ್ಎಂಆರ್ ಮುಂದ ಲೋ ಅಂತ ಬರದ್ರು? ರೋಗ ಯಾವ್ದು ಅಂತ ಲ್ಯಾಬಿಗೆ ಗೊತ್ತಿತ್ತೇನು? ಹೋಗ್ಲಿ, ರೋಗ ಐತೋ ಇಲ್ಲೋ ಅಂತರ ಗೊತ್ತಿತ್ತೇನು?

ಮತ್ತ ಇವೆಲ್ಲಾ ಅಧ್ಯಯನ ಮಾಡಿದ್ದು ರೋಗ ಪತ್ತೆ ಆದ ಹೊತ್ತಿನ, ಔಷಧಿ ಚಾಲೂ ಆಗೂದಕ್ಕಿಂತ ಮದಲಿನ ರಕ್ತದ ಮ್ಯಾಲ. ಈ ಮಾತು ಅಂಡರ್‌ಲೈನ್ ಮಾಡ್ಕೋರಿ. ಕಿಮೋ ಚಾಲೂ ಆದ ಮ್ಯಾಲ ಐದ್ ದಿನ ದಿನಾ 100 ಮಿಲಿಗ್ರಾಂ ಪ್ರೆಡ್ನಿಸೋಲೋನ್ ನುಂಗಿದ್ರ ಆ ಸ್ಟೀರಾಯ್ಡಿಗೆ ರಕ್ತನಾಳದ ಗೋಡಿಗೆ ಅಂಟಿಕೊಂಡ ನ್ಯೂಟ್ರೋಫಿಲ್ ಬಿಟ್ಟು ಹೊರಗ ಬರ್ತಾವ, ಲಿಂಫೋಸೈಟ್ ಇಳೀತಾವ, ಅಂದ್ರ ಮ್ಯಾಲಿಂದು ಏರ್ತು ಕೆಳಗಿಂದು ಇಳೀತು, ಅನುಪಾತ ಎರಡೂ ಕಡೆಯಿಂದ ಹಿಗ್ಗತೈತಿ. ಮ್ಯಾಲ ಫಿಲ್ಗ್ರಾಸ್ಟಿಮ್ ಬಿದ್ರಂತೂ ಕೇಳೂದ ಬ್ಯಾಡ. ಅವತ್ತಿನ 18ಕ್ಕೂ ರೋಗದ ಮುಂದಿನ ದಾರಿಗೂ ಯಾವ ಸಂಬಂಧನೂ ಇಲ್ಲ.

ಅವತ್ತ ರಾತ್ರಿ ಮಾವಗ ನಾ ಹೇಳಿದ್ದು ಹಿಂಗ. "ಮಾವ, ಅನುಪಾತ ಬಿಡ್ರಿ, ಸಂಖ್ಯೆ ತಗೋರಿ. 24,000ದಾಗ ನೂರಕ್ಕ 5 ಅಂದ್ರ 1,200 ಲಿಂಫೋಸೈಟ್. ಕಿಮೋ ಚಾಲೂ ಆಗೋ ಮುಂಚೆ 8,000ದಾಗ ನೂರಕ್ಕ 17 ಇತ್ತು, ಅಂದ್ರ 1,360. 1,360 ಇದ್ದದ್ದು 1,200 ಆಗೈತಿ, ಅಷ್ಟ. ಇಷ್ಟ್ ಕಿಮೋ ಬಿದ್ದ ಮ್ಯಾಲೂ ಅಕ್ಕನ ಲಿಂಫೋಸೈಟ್ ಅಲ್ಲೇ ನಿಂತಾವ. ಏರಿದ್ದು ನೀವ ರೊಕ್ಕ ಕೊಟ್ಟು ಏರಿಸಿದ್ದು." ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವ್ರು ಕೆಂಪಗ ಯಾಕ ಬರದ್ರು?" ಅಂದ್ರು. ಅದಕ್ಕ ನನ್ನ ಹಂತೇಕ ಉತ್ತರ ಇದ್ದಿಲ್ಲ. ನಿಮ್ಮನ್ನ ಕೇಳಾಕತ್ತೇನಿ, ಯಾಕ ಬರದ್ರಿ?

ಅನುಪಾತದ ಗುಣಾನ ಹಂಗ. 6,000ವನ್ನ 2,000ದಿಂದ ಭಾಗಿಸಿದ್ರೂ 3, 1,500ವನ್ನ 500ರಿಂದ ಭಾಗಿಸಿದ್ರೂ 3. ಮದಲನ್ಯಾಂವ ಅರಾಮ ಹೊಲಕ್ಕ ಹೋಗಬಹುದು. ಎರಡನ್ಯಾಂವಗ ಹಾಡ್ಜ್‌ಕಿನ್ ಇದ್ರ ಅದು ಚಿಂತಿ ಮಾಡೋ ಮಾತು, ಯಾಕಂದ್ರ 1998ರಾಗ ಹಾಸೆನ್‌ಕ್ಲೆವರ್ ಅನ್ನೋರು 5,141 ಪೇಷಂಟಿನ ಮಾಹಿತಿ ಕೂಡಿಸಿ ಮಾಡಿದ ಏಳು ಅಂಶದ ಸ್ಕೋರಿನ್ಯಾಗ ಲಿಂಫೋಸೈಟ್ 600ಕ್ಕಿಂತ ಕಮ್ಮಿ ಅಥವಾ ನೂರಕ್ಕ 8ಕ್ಕಿಂತ ಕಮ್ಮಿ ಅನ್ನೂದೂ ಒಂದು. ಉಳದ ಆರು ಅಂದ್ರ ಅಲ್ಬುಮಿನ್ 4ಕ್ಕಿಂತ ಕಮ್ಮಿ, ಹಿಮೋಗ್ಲೋಬಿನ್ 10.5ಕ್ಕಿಂತ ಕಮ್ಮಿ, ಗಂಡಸಾಗಿರೂದು, ವಯಸ್ಸು 45 ಇಲ್ಲಾ ಹೆಚ್ಚು, ನಾಕನೇ ಸ್ಟೇಜು, ಬಿಳಿಕಣ 15,000 ಇಲ್ಲಾ ಹೆಚ್ಚು. ನೋಡ್ರಿ, ಅದರಾಗ ಭಾಳಷ್ಟು ಸಾದಾ ರಕ್ತ ತಪಾಸಣಿದ ಅದಾವ. ಅಂದ್ರ ಸಿಬಿಸಿ ಕಾಗದಕ್ಕ ಬೆಲೆ ಐತಿ, ಭಾಳ ಐತಿ. ನಾ ಅದನ್ನ ಬ್ಯಾಡ ಅನ್ನಾಕತ್ತಿಲ್ಲ. ಅಕ್ಕನ ತರದ ಲಿಂಫೋಮಾಕ್ಕ 1993ರಾಗ ಮಾಡಿದ ಐಪಿಐ ಸ್ಕೋರಿನ್ಯಾಗ ಐದ್ ಅಂಶ: ವಯಸ್ಸು 60 ದಾಟಿದ್ದು, ರಕ್ತದಾಗ ಎಲ್‌ಡಿಎಚ್ ಅನ್ನೋ ಕಿಣ್ವ ಏರಿದ್ದು, ಸ್ಟೇಜು, ಗಂಟು ಬಿಟ್ಟು ಬ್ಯಾರೆ ಅಂಗಕ್ಕ ಎಷ್ಟ ಕಡೆ ಹಬ್ಬೈತಿ ಅನ್ನೂದು, ಮತ್ತ ಪೇಷಂಟ್ ಎದ್ದು ಓಡಾಡ್ತಾರೋ ಇಲ್ಲೋ ಅನ್ನೂದು. ಇದರಾಗ ಅನುಪಾತ ಇಲ್ಲ. ಇವತ್ತಿಗೂ ಡಾಕ್ಟ್ರು ಮದಲ ನೋಡೂದು ಇದನ್ನ, ಅನುಪಾತ ಇದರ ಜತಿಗೆ ಇಟ್ಟು ನೋಡೋ ಮಾತು, ಇದರ ಬದ್ಲಿಗೆ ಅಲ್ಲ.

ಈಗ ಮಶೀನಿನ ಮಾತಿಗೆ ಬರೂಣು, ನನಗ ಸಿಟ್ಟು ಬಂದದ್ದು ಇಲ್ಲೇ ಹೆಚ್ಚು. ಒಂದ್ ತಾಲೂಕಿನ ಲ್ಯಾಬಿಗೆ ಹೋಗಿ, ಇದು ಥ್ರೀ ಪಾರ್ಟ್ ಮಶೀನೋ ಫೈವ್ ಪಾರ್ಟೋ ಅಂತ ಕೇಳಿದೆ. ಥ್ರೀ ಪಾರ್ಟ್ ಅಂದ್ರು. ಫೈವ್ ಪಾರ್ಟ್ ಅಂದ್ರ ಐದೂ ತರದ ಬಿಳಿಕಣ ಬ್ಯಾರೆಬ್ಯಾರೆ ಎಣಿಸೋದು. ಥ್ರೀ ಪಾರ್ಟ್ ಮಶೀನು ಕಣಗಳನ್ನ ಬರೇ ಗಾತ್ರ ನೋಡಿ ಮೂರು ಗುಂಪು ಮಾಡ್ತೈತಿ: ಸಣ್ಣವು ಲಿಂಫೋಸೈಟ್, ದೊಡ್ಡವು ಗ್ರ್ಯಾನುಲೋಸೈಟ್ (ಭಾಳಷ್ಟು ನ್ಯೂಟ್ರೋಫಿಲ್ಲ), ನಡಬರಕಿನವು ಮಿಡ್. ಆ ಮಿಡ್ ಅಂದ್ರ ಮೋನೋಸೈಟ್ ಒಂದ ಅಲ್ಲ, ಇಯೋಸಿನೋಫಿಲ್ಲೂ ಬೇಸೋಫಿಲ್ಲೂ ಕೂಡಿದ ಕಲಬೆರಕಿ. ಹಂಗಿದ್ರ ನೀವು ಎಲ್ಎಂಆರ್ ಹೆಂಗ ತಗದ್ರಿ ಅಂದೆ. "ಮಿಡ್‌ನಿಂದ ಭಾಗಿಸ್ತೈತ್ರಿ ಸಾಫ್ಟ್‌ವೇರು" ಅಂದ್ರು! ನಮ್ಮ ಕಡೆ ಅಲರ್ಜಿ, ದಮ್ಮು, ಹೊಟ್ಟಿ ಹುಳ ಇದ್ದವ್ರು ಎಷ್ಟ್ ಮಂದಿ, ಅವ್ರಿಗೆಲ್ಲಾ ಇಯೋಸಿನೋಫಿಲ್ ಏರಿರ್ತಾವ, ಅದರಿಂದ ಮಿಡ್ ಏರ್ತೈತಿ, ಎಲ್ಎಂಆರ್ ಇಳೀತೈತಿ. ಅಂದ್ರ ಹೊಟ್ಟ್ಯಾಗ ಹುಳ ಇದ್ದ ಹುಡುಗನ ರಿಪೋರ್ಟಿಗೂ ಕೆಂಪ ಲೋ. ಹುಳಿನ ಗುಳಿಗಿ ಕೊಟ್ಟು ಕಳಸೋ ಬದ್ಲಿ ಅವರವ್ವ ರಾತ್ರಿ ಮೊಬೈಲ್ ಹಿಡ್ಕೊಂಡು ಕ್ಯಾನ್ಸರ್ ಅಂತ ಓದ್ಕೋಂತ ಕುಂಡ್ರಬೇಕು.

ಇನ್ನ ಕೆಲವು ಕಡೆ ಮಶೀನಿಂದು ನಂಬಂಗಿಲ್ಲ, ಸ್ಲೈಡ್ ಮಾಡಿ ಕಣ್ಣಿಲೆ ನೂರು ಕಣ ಎಣಿಸ್ತಾರ. ಅದು ಚಲೋ ಪದ್ಧತಿ, ಅಸಹಜ ಕಣ ಇದ್ರ ಕಣ್ಣಿಗೆ ಬೀಳ್ತಾವ, ನಾ ಅದಕ್ಕ ಕೈ ಮುಗೀತೀನಿ. ಆದ್ರ ನೂರ ಎಣಿಸಿದಾಗ ಸಣ್ಣ ಪಾಲಿನ ಲೆಕ್ಕ ಎಷ್ಟ ಜೋಲಿ ಹೊಡೀತೈತಿ ಅಂತ ಗೊತ್ತೇನ್ರಿ? ನಾನು ಒಂಬತ್ತನೇತ್ತೆ ಹುಡುಗ್ರಿಂದ ಮಾಡಿಸಿ ನೋಡಿದೆ. 960 ಬಿಳಿ ಅಲಸಂದಿ, 40 ಕೆಂಪ ಅಲಸಂದಿ ಒಂದ್ ಬುಟ್ಟ್ಯಾಗ ಹಾಕಿ ಚಲೋತ್ನಾಗಿ ಕಲಸಿ, ಒಬ್ಬೊಬ್ರ ಬಂದು ಕಣ್ಣು ಮುಚ್ಚಿ 100 ಕಾಳು ತೆಗದು ಕೆಂಪವು ಎಷ್ಟ ಅಂತ ಬರ್ಸಿ ವಾಪಸ್ ಹಾಕ್ರಿ ಅಂದೆ. ಖರೇ ಪಾಲು ನೂರಕ್ಕ 4. 31 ಹುಡುಗ್ರು ಎಣಿಸಿದ್ರು. ಭಾಳ ಮಂದಿಗೆ 3, 4, 5 ಬಂತು ಖರೆ, ಆದ್ರ ಒಬ್ಬಾಕಿಗೆ 1, ಒಬ್ಬಾಂವಗ 8. ಇಬ್ರೂ ತಪ್ಪು ಎಣಿಸಿದ್ದಿಲ್ಲ, ನಾನ ಕುಂತು ಎಣಿಸಿ ನೋಡೀನಿ. ಈಗ ಕೆಂಪ ಕಾಳು ಅಂದ್ರ ಮೋನೋಸೈಟ್ ಅಂತ ತಿಳೀರಿ, ಲಿಂಫೋಸೈಟ್ 24 ಅಂತ ಇಟ್ಕೋರಿ. ಖರೇ ಅನುಪಾತ 6. ಆ ಹುಡುಗಿ ಕೈಯಾಗ 24, ಈ ಹುಡುಗನ ಕೈಯಾಗ 3. ಅದೇ ಬುಟ್ಟಿ, ಅದೇ ರಕ್ತ! ಮಶೀನು ಸಾವಿರಾರು ಕಣ ಎಣಿಸ್ತೈತಿ, ಅದರಿಂದ ಅದರಾಗ ಈ ಜೋಲಿ ಕಮ್ಮಿ. ಆದ್ರ ನೂರು ಕಣ ಎಣಿಸಿ ಅದರ ಮ್ಯಾಲ 2.67 ಅಂತ ಎರಡ್ ದಶಾಂಶ ಸ್ಥಾನ ಬರ್ಯೂದು ನೋಡಿದ್ರ, ನಮ್ಮ ಸಾಲ್ಯಾಗ ಆಗಿದ್ರ ನಾ ಮಾರ್ಕ್ಸ್ ಕಟ್ ಮಾಡ್ತಿದ್ದೆ.

ಪಿಎಲ್ಆರ್ ಬಗ್ಗೆ ಹೆಚ್ಚು ಹೇಳಂಗಿಲ್ಲ, ಒಂದೆರಡ ಮಾತು. ಕಬ್ಬಿಣದಂಶ ಕಮ್ಮಿ ಇದ್ದವ್ರಿಗೆ ಪ್ಲೇಟ್ಲೆಟ್ ಏರಿರ್ತಾವ, ನಮ್ಮ ಹಳ್ಳಿ ಹೆಣ್ಣಮಕ್ಕಳೊಳಗ ರಕ್ತ ಕಮ್ಮಿ ಇಲ್ಲದವ್ರನ್ನ ಹುಡುಕಬೇಕು. ನೇರಳೆ ಮುಚ್ಚಳದ ಟ್ಯೂಬಿನ್ಯಾಗ ರಕ್ತ ಹೆಪ್ಪುಗಟ್ಟಬಾರ್ದಂತ ಹಾಕಿರೋ ಇಡಿಟಿಎಗೆ ಕೆಲವ್ರ ಪ್ಲೇಟ್ಲೆಟ್ ಗುಂಪಾಗಿ ಅಂಟ್ಕೋತಾವ, ಮಶೀನು ಕಮ್ಮಿ ತೋರಿಸ್ತೈತಿ. ಮುಂಜಾನಿ ಹಳ್ಳ್ಯಾಗ ತಗದ ರಕ್ತ ಸಂಜಿ ಬಸ್ಸಿಗೆ ಗದಗಿಗೆ ಮುಟ್ಟಿದ್ರ ಅಷ್ಟೊತ್ತಿಗೆ ಕಣದ ಆಕಾರ ಕೆಡಾಕತ್ತಿರ್ತೈತಿ. ಸಾಕು.

ಇದಿಷ್ಟ ಲ್ಯಾಬಿನವ್ರಿಗೆ ಆತು. ಡಾಕ್ಟ್ರುಗಳಿಗೂ ಒಂದ್ ಮಾತು ಐತಿ, ಸಿಟ್ಟಾಗಬ್ಯಾಡ್ರಿ. ಅಕ್ಕನ ಕುತ್ತಿಗಿ ಗಂಟು ನೋಡಿ ಮದಲ ನಮ್ಮ ದೊಡ್ಡವ್ವ ಗಂಡಮಾಲಿ ಅಂದ್ಲು, ಬೇರು ಅರದು ಹಚ್ಚಿದ್ರು. ಅದು ನಮ್ಮ ತಪ್ಪು. ಆಮ್ಯಾಲೆ ಒಂದ್ ದವಾಖಾನ್ಯಾಗ ಒಂದ್ ಇಂಜೆಕ್ಷನ್ ಕೊಟ್ರು, ಗಂಟು ಹದಿನೈದು ದಿನ ಇಳೀತು, ನಾವು ಗೆದ್ವಿ ಅಂದ್ಕೊಂಡ್ವಿ, ಆಮ್ಯಾಲೆ ಎರಡರಷ್ಟು ಆಗಿ ಬಂತು. ಅದು ಸ್ಟೀರಾಯ್ಡ್ ಇತ್ತು ಅಂತ ಮುಂದ ಚೀಟಿ ನೋಡಿ ಹುಬ್ಬಳ್ಳಿ ಡಾಕ್ಟ್ರು ಹೇಳಿದ್ರು. ಲಿಂಫೋಮಾಕ್ಕ ಸ್ಟೀರಾಯ್ಡು ಖರೇನ ಔಷಧಿ, ಅದಕ್ಕ ಗಂಟು ಕರಗಿದ್ದು. ಆದ್ರ ಬಯಾಪ್ಸಿಗಿಂತ ಮದಲ ಅದು ಬಿದ್ರ ರೋಗದ ಗುರ್ತ ಅಳಿಸಿ ಹೋಗ್ತೈತಿ, ಮ್ಯಾಲ ರಕ್ತದ ಅನುಪಾತಾನೂ ಕೆಡ್ತೈತಿ. ಮುಂದ ಮತ್ತೊಂದ್ ಕಡೆ ಸೂಜಿ ಹಾಕಿ ನೀರು ತಗದು ನೋಡಿ ಟಿಬಿ ಇರಬೇಕು ಅಂತ ಟಿಬಿ ಗುಳಿಗಿ ಚಾಲೂ ಮಾಡಿದ್ರು. ಮೂರ್ ತಿಂಗಳ ನುಂಗಿದ್ಲು, ಮೂತ್ರ ಕೆಂಪಾತು, ಬಾಯಿ ರುಚಿ ಹೋತು, ಗಂಟು ಮಾತ್ರ ಹಂಗ ಇತ್ತು. ಕಡೀಕ ಹುಬ್ಬಳ್ಳ್ಯಾಗ ಇಡೀ ಗಂಟು ತಗದು ಬಯಾಪ್ಸಿಗೆ ಕಳಸಿದ ಮ್ಯಾಲ, ಐಎಚ್‌ಸಿ ಅಂತ ಗಂಟಿನ ಕಣಕ್ಕ ಬಣ್ಣ ಹಚ್ಚಿ ಗುರ್ತು ಹಿಡಿಯೋ ಪರೀಕ್ಷಾ ಮಾಡಿ, ಬಿ ಸೆಲ್ಲಿನ ಗುರ್ತು ಆಗಿರೋ ಸಿಡಿ20 ಪಾಸಿಟಿವ್ ಅಂತ ಬಂದ ಮ್ಯಾಲ, ರೋಗದ ಖರೇ ಹೆಸರು ಗೊತ್ತಾತು. ಟಿಬಿ ನಮ್ಮ ದೇಶದಾಗ ಭಾಳ ಐತಿ, ಡಾಕ್ಟ್ರು ಅದನ್ನ ಮದಲ ನೆನಸ್ಕೊಳ್ಳೂದರಾಗ ತಪ್ಪಿಲ್ಲ. ಆದ್ರ ಗುಳಿಗಿ ಹಾಕಿದ್ರೂ ಗಂಟು ಕರಗದಿದ್ರ ಎಷ್ಟ್ ದಿನ ಕಾಯಬೇಕ್ರಿ? ಸೂಜಿ ಪರೀಕ್ಷಾ ಲಿಂಫೋಮಾಕ್ಕ ಸಾಕಾಗಂಗಿಲ್ಲ, ಗಂಟ ತಗದು ನೋಡಬೇಕು ಅಂತ ಪುಸ್ತಕದಾಗ ಐತಿ, ನಿಮಗ ನನಗಿಂತ ಚಲೋ ಗೊತ್ತು.

ಇದನ್ನ ಯಾಕ ಇಲ್ಲಿ ತಂದೆ ಅಂದ್ರ, ಸಿಬಿಸಿದಾಗ ಎಲ್ಎಂಆರ್ ನಾರ್ಮಲ್ ಬಂತು ಅಂತ ಗಂಟು ಇದ್ದವ್ರು ಅರಾಮ ಮನ್ಯಾಗ ಕುಂಡ್ರೂ ಅಪಾಯಾನೂ ಐತಿ. ನಮ್ಮೂರಾಗ ಒಬ್ರು ಕುಂತಿದ್ರು, "ರೇಶಿಯೋ ಚಲೋ ಐತಿ, ಕ್ಯಾನ್ಸರ್ ಇಲ್ಲಂತ" ಅಂತ. ನಾ ಜಗಳ ಮಾಡಿ ಕಳಸೀನಿ. ಅನುಪಾತ ರೋಗ ಐತೋ ಇಲ್ಲೋ ಹೇಳಂಗಿಲ್ಲ. ರೋಗ ಐತಿ ಅಂತ ಬಯಾಪ್ಸಿ ಹೇಳಿದ ಮ್ಯಾಲ, ಇಂಥವ್ರ ಗುಂಪಿಗೆ ಮುಂದ ಹೆಂಗ ಅನ್ನೂದರ ಬಗ್ಗೆ ಒಂದ್ ಅಂದಾಜು ಕೊಡ್ತೈತಿ. ಗುಂಪಿಗೆ, ಒಬ್ಬೊಬ್ರಿಗೆ ಅಲ್ಲ. ನಮ್ಮ ತಾಲೂಕಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ನೂರಕ್ಕ 70 ಅಂದ್ರ ಕಡೀ ಬೆಂಚಿನ ಬಸ್ಯಾ ನೂರಕ್ಕ ಎಪ್ಪತ್ತು ಪಾಸಾಗಂಗಿಲ್ಲ, ಪಾಸರ ಆಗ್ತಾನ, ಫೇಲರ ಆಗ್ತಾನ.

ಅಕ್ಕಂದು ಕಿಮೋಕ್ಕಿಂತ ಮದಲಿನ ಕಾಗದ ತೆಗದು ನಾನ ಲೆಕ್ಕ ಹಾಕಿದ್ದೆ. ಲಿಂಫೋಸೈಟ್ 1,360, ಮೋನೋಸೈಟ್ 960, ಭಾಗಿಸಿದ್ರ 1.42. 2.6ಕ್ಕಿಂತ ಕಮ್ಮಿ. ಅಂದ್ರ ಕೆಟ್ಟ ಕಡೆ. ಅದನ್ನ ನಾ ಮನ್ಯಾಗ ಯಾರಿಗೂ ಹೇಳ್ಲಿಲ್ಲ, ಡಾಕ್ಟ್ರ ಮುಂದ ಅಷ್ಟ ಕೇಳಿದೆ. ಅವ್ರು ನಕ್ಕು, ಮಾಸ್ತರ ನೀವು ಓದೀರಿ ಖರೆ, ಆದ್ರ ಇವ್ರು ಮೂರ್ ತಿಂಗಳ ಟಿಬಿ ಗುಳಿಗಿ ನುಂಗ್ಯಾರ, ಮ್ಯಾಲ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದೈತಿ, ಹಿಮೋಗ್ಲೋಬಿನ್ 9 ಐತಿ, ಈ ರಕ್ತಾನ ಮೇಯೊ ಕ್ಲಿನಿಕ್ಕಿನ ರಕ್ತದ ಕೂಡ ಹೆಂಗ ಹೋಲಿಸ್ತೀರಿ, ಮತ್ತ ಈ ಅಂಕಿ ನೋಡಿ ನಾ ಔಷಧಿ ಬದಲಿಸಂಗಿಲ್ಲ, ಹೆಂಗೂ ಆರ್-ಚಾಪ್, ಅಂದ್ರ ರಿಟಕ್ಸಿಮ್ಯಾಬ್ ಕೂಡ ಕಿಮೋ ಔಷಧಿ ಮತ್ತ ಸ್ಟೀರಾಯ್ಡ್ ಸೇರಿಸಿದ್ದು, ಆರು ಸೈಕಲ್ ಕೊಡೂದ ಅಂದ್ರು. ಆರು ಸೈಕಲ್, 21 ದಿನಕ್ಕೊಂದು. ಆರ್-ಚಾಪಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ತಿ ವಾಸಿ ಆಗ್ತಾರ ಅಂತಾನೂ ಹೇಳಿದ್ರು, ಆ ಮಾತು ಮಾತ್ರ ಮನಿಮಂದಿಗೆಲ್ಲಾ ಹೇಳಿದೆ. ಮುಗದ ಮ್ಯಾಲ ಪೆಟ್ ಸಿಟಿ ಸ್ಕ್ಯಾನ್ ಮಾಡಿಸಿದ್ವಿ, ರೋಗ ಕಾಣಸಂಗಿಲ್ಲ ಅಂತ ಬಂತು. ಹಂಗಂತ ನೋಡ್ರಿ ಅನುಪಾತ ಸುಳ್ಳಾತು ಅಂತ ನಾ ಹೇಳಂಗಿಲ್ಲ, ಒಬ್ಬಾಕಿಂದ ಯಾವುದೂ ಸಿದ್ಧ ಆಗಂಗಿಲ್ಲ, ಇನ್ನೂ ಎರಡ್ ವರ್ಷ ಉಸಿರು ಬಿಗಿ ಹಿಡ್ಕೊಂಡ ಇರಬೇಕು.

ಆದ್ರ ಆ ಡಾಕ್ಟ್ರು ಹೇಳಿದ ಮಾತು ತಲ್ಯಾಗ ಕುಂತು ಬಿಡ್ತು, ಮೇಯೊದ ರಕ್ತ ಬ್ಯಾರೆ ನಮ್ಮದು ಬ್ಯಾರೆ ಅಂತ. ಹಂಗಾರ ನಮ್ಮ ಗೆರಿ ಎಲ್ಲೈತಿ? ಟಿಬಿ ಇರೋ, ಹುಳ ಇರೋ, ರಕ್ತ ಕಮ್ಮಿ ಇರೋ ನಮ್ಮ ಮಂದ್ಯಾಗ 2.6 ಸರಿಯೋ ಇನ್ನೊಂದೋ? ಮೆಡಿಕಲ್ ಕಾಲೇಜಿನ ದೊಡ್ಡವ್ರ, ನಿಮ್ಮನ್ನ ಕೇಳೂದು ಇದ. ನಾವು ಕಿಮ್ಸ್ ಅಂತ ಕರಿಯೋ ಹುಬ್ಬಳ್ಳಿ ಸರ್ಕಾರಿ ಮೆಡಿಕಲ್ ಕಾಲೇಜು ಐತಿ, ಗದಗ-ಹಾವೇರ್ಯಾಗೂ ಈಗ ಮೆಡಿಕಲ್ ಕಾಲೇಜು ಅದಾವ, ಹುಬ್ಬಳ್ಳಿ ನವನಗರದಾಗ ಕ್ಯಾನ್ಸರ್ ಆಸ್ಪತ್ರಿ ಐತಿ, ವರ್ಷಾ ಎಷ್ಟ ಪಿಜಿ ಹುಡುಗ್ರು ಥೀಸಿಸ್ ಬರೀತಾರ. ಲಿಂಫೋಮಾ ಪೇಷಂಟಿನ ಮದಲನೇ ಸಿಬಿಸಿ, ಸ್ಟೀರಾಯ್ಡ್ ಬಿದ್ದೈತೋ ಇಲ್ಲೋ, ಫೈವ್ ಪಾರ್ಟ್ ಮಶೀನೋ ಅಲ್ಲೋ, ಎರಡ್ ವರ್ಷದ ಮ್ಯಾಲ ಹೆಂಗದಾರ ಅಂತ ಎಲ್ಲಾ ಕಾಲೇಜಿನವ್ರು ಕೂಡಿ ಒಂದ ರಿಜಿಸ್ಟರಿನ್ಯಾಗ ಬರದಿಟ್ರ ಇದಕ್ಕ ಹೊಸಾ ಟೆಸ್ಟೂ ಬ್ಯಾಡ, ರೊಕ್ಕಾನೂ ಬ್ಯಾಡ. ಪೆಟ್ ಸಿಟಿಗೆ ರೊಕ್ಕ ಇಲ್ಲದವ್ರು, ಬಿಪಿಎಲ್ ಕಾರ್ಡಿನ ಮ್ಯಾಲ ಆಯುಷ್ಮಾನ್ 5 ಲಕ್ಷದಾಗ ಹೆಂಗೋ ದಾರಿ ಸಾಗಸೋರು, ಇಂಥವ್ರ ಡಾಕ್ಟ್ರಿಗೆ ಕೈಯಾಗಿನ ಸಿಬಿಸಿ ಕಾಗದಾನ ಒಂದ್ ಹೆಚ್ಚಿನ ಸುಳಿವು ಕೊಟ್ರ ಅದಕ್ಕಿಂತ ಅಗ್ಗದ್ದು ಮತ್ತೇನ್ ಐತಿ.

ಅಗ್ಗ ಅಂದಕೂಡ್ಲೆ ನೆನಪಾತು. ಒಂದ್ ಕಡೆ ಸಿಬಿಸಿಗೆ 300 ರೂಪಾಯಿ, ಅದರ ಮ್ಯಾಲ ರೇಶಿಯೋ ಪ್ರೊಫೈಲ್ ಅಂತ ಬ್ಯಾರೆ 200 ಇಸ್ಕೊಂಡ್ರು. ಮೂರ್ ಭಾಗಾಕಾರಕ್ಕ ಇನ್ನೂರು ರೂಪಾಯಿ! ನಮ್ಮ ಸಾಲಿಗೆ ಕಳಸ್ರಿ, ಪುಕ್ಕಟೆ ಮಾಡ್ಕೊಡ್ತಾರ.

ಜಿಲ್ಲಾ ಅಧಿಕಾರಿಗಳಿಗೆ ನನ್ನ ಅರ್ಜಿ ದೊಡ್ಡದೇನಲ್ಲ. 2007ರ ಕೆಪಿಎಂಇ, ಅಂದ್ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಖಾಸಗಿ ಲ್ಯಾಬೆಲ್ಲಾ ನಿಮ್ಮ ಹಂತೇಕ ನೋಂದಣಿ ಆಗಬೇಕು, ಆ ಪ್ರಾಧಿಕಾರಕ್ಕ ಡಿಸಿ ಸಾಹೇಬ್ರ ಅಧ್ಯಕ್ಷರು. ಲ್ಯಾಬಿನವ್ರನ್ನ ಒಂದ್ ಮಧ್ಯಾಹ್ನ ಕರದು ಕೂರ್ಸಿ ಹೇಳ್ರಿ. ಅನುಪಾತ ಬರದ್ರ ಪಕ್ಕಕ್ಕ ನೂರರ ಪಾಲಷ್ಟ ಅಲ್ಲ, ಖರೇ ಸಂಖ್ಯೆನೂ ಬರೀಬೇಕು. ಥ್ರೀ ಪಾರ್ಟ್ ಮಶೀನಿನವ್ರು ಎಲ್ಎಂಆರ್ ಬರೀಲೇಬಾರ್ದು. ರಕ್ತ ತಗೊಳ್ಳೂಮುಂದ, ಕಿಮೋ ನಡದೈತೇನು, ಸ್ಟೀರಾಯ್ಡ್ ತಗೋತೀರೇನು, ಬಿಳಿಕಣದ ಇಂಜೆಕ್ಷನ್ ಆಗೈತೇನು ಅಂತ ಕೇಳಿ ರಿಪೋರ್ಟಿನ್ಯಾಗ ಒಂದ್ ಸಾಲು ಹಾಕ್ಬೇಕು. ಮತ್ತ ರೋಗ ಯಾವ್ದಂತ ಗೊತ್ತಿಲ್ಲದ ಅನುಪಾತದ ಮುಂದ ಹೈ, ಲೋ ಅಂತ ಕೆಂಪಗ ಬರ್ಯೂದು ಬಂದ್ ಆಗ್ಬೇಕು. ಪೇಷಂಟ್ ಮನಿಯವ್ರ, ನೀವೂ ಒಂದ್ ಕೆಲಸ ಮಾಡ್ರಿ, ಔಷಧಿ ಚಾಲೂ ಆಗೋಕಿಂತ ಮದಲಿನ ಸಿಬಿಸಿ ಕಾಗದ ಪ್ಲಾಸ್ಟಿಕ್ ಚೀಲದಾಗ ಹಾಕಿ ತೆಗದಿಡ್ರಿ, ಕೆಲವು ಕಾಗದದ ಮ್ಯಾಲಿನ ಶಾಯಿ ಹಾರಿ ಹೋಗ್ತೈತಿ, ಒಂದ್ ಜೆರಾಕ್ಸ್ ಮಾಡಿಸ್ರಿ.

ಅಕ್ಕಂದು ಮುಂದಿನ ಸಿಬಿಸಿ ಬರೋ ತಿಂಗಳ ಐತಿ. ಮಾವ ಆ ಲ್ಯಾಬಿಗೇ ಹೋಗೂಣು, ಮನಿಗೆ ಹತ್ರ ಅಂದಾರ. ನಾನೂ ಕೂಡ ಬರ್ತೀನಿ. ಈ ಸಲ ರಿಪೋರ್ಟ್ ಕೈಗೆ ಕೊಡೂಮುಂದ ಮಶೀನ್ ಯಾವುದಂತ ಕೇಳ್ತೀನಿ, ಹೇಳಾಕ ರೆಡಿ ಇರ್ರಿ.

ಇಂತಿ,
ಗದಗ ಜಿಲ್ಲೆಯ ಒಬ್ಬ ಗಣಿತ ಮಾಸ್ತರ